ಕ್ಯಾರೊಲಿನ್ ತವರಿನ ದಾರಿ

ಗಂಡಸಿನ ವಂಶ ಹುಡುಕುವವರಿಗೆ ಕಾಗದಪತ್ರಗಳ ಆಸರೆಯಿರುತ್ತದೆ. ಜಮೀನಿನ ಪತ್ರ, ತೆರಿಗೆ ಲೆಕ್ಕ, ಸೈನ್ಯದ ಪಟ್ಟಿ ಎಲ್ಲದರಲ್ಲೂ ಅವನ ಹೆಸರು ಸಿಗುತ್ತದೆ. ಹೆಣ್ಣಿನ ವಂಶ ಹುಡುಕಹೊರಟರೆ ಅವಳ ಮದುವೆಯ ಹತ್ತಿರ ದಾರಿ ಕಡಿದುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮದ ಬಯಲಿಗೆ ಹೋದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ.

ಕ್ಯಾರೊಲಿನ್ ಇಂಗಲ್ಸ್ ಅವರನ್ನೇ ನೋಡೋಣ. ಬಯಲುಸೀಮೆಯ ಬಾಲ್ಯವನ್ನು ಕಾದಂಬರಿಗಳಾಗಿಸಿದ ಲಾರಾ ಇಂಗಲ್ಸ್ ವೈಲ್ಡರ್ ಅವರ ತಾಯಿ. ಹುಟ್ಟಿದ್ದು 1839ರ ಡಿಸೆಂಬರಿನಲ್ಲಿ, ವಿಸ್ಕಾನ್ಸಿನ್‌ನಲ್ಲಿ. ತವರಿನ ಮನೆತನದ ಹೆಸರು ಕ್ವೈನರ್. 1840ರ ಅಮೆರಿಕದ ಗಣತಿ ಮನೆಯ ಯಜಮಾನನ ಹೆಸರನ್ನಷ್ಟೇ ಬರೆಯುತ್ತಿತ್ತು. ಆರು ತಿಂಗಳ ಹೆಣ್ಣುಕೂಸು ಅಲ್ಲಿ ಬರೀ ಒಂದು ಅಂಕಿ. ಮನೆಯ ಪ್ರತಿಯೊಬ್ಬರ ಹೆಸರು ಬರೆಯತೊಡಗಿದ್ದು 1850ರಲ್ಲಿ. ಅದೂ ಸ್ವತಂತ್ರರ ಹೆಸರು ಮಾತ್ರ. ಗುಲಾಮರನ್ನು ಆಗಲೂ ಹೆಸರಿಲ್ಲದೆ, ಒಡೆಯನ ಹೆಸರಿನ ಕೆಳಗೆ ಎಣಿಸಿದರು.

ಕ್ಯಾರೊಲಿನ್ ಚಿಕ್ಕವಳಿದ್ದಾಗಲೇ ತಂದೆ ಮಿಷಿಗನ್ ಸರೋವರದಲ್ಲಿ ಹಡಗಿನ ಅವಘಡದಲ್ಲಿ ತೀರಿಕೊಂಡರು. ತಾಯಿ ಶಾರ್ಲೆಟ್ ಮರುಮದುವೆಯಾಗಿ ಹೋಲ್‌ಬ್ರೂಕ್ ಎನಿಸಿಕೊಂಡರು. ಹಾಗಾಗಿ ತಾಯಿಗೆ ಒಂದು ಮನೆತನದ ಹೆಸರು, ಮಕ್ಕಳಿಗೆ ಇನ್ನೊಂದು. ಮುಂದೆ ಕ್ವೈನರ್ ಮನೆಯ ಮೂವರು ಇಂಗಲ್ಸ್ ಮನೆಯ ಮೂವರನ್ನು ಮದುವೆಯಾದರು. 1860ರಲ್ಲಿ ಚಾರ್ಲ್ಸ್ ಇಂಗಲ್ಸ್ ಅವರ ಕೈಹಿಡಿದ ಕ್ಯಾರೊಲಿನ್ ಆ ಮೂವರಲ್ಲಿ ಒಬ್ಬರು. ಈ ಕೊಡುಕೊಳ್ಳುವಿಕೆ ಗೊತ್ತಿಲ್ಲದೆ ಹಳೆಯ ಪಟ್ಟಿ ಓದಿದರೆ ಯಾರು ಯಾರ ಮಕ್ಕಳೆಂದು ಬಿಡಿಸುವುದೇ ಕಷ್ಟ.

ಕಾಗದಗಳು ಮನೆಯವರ ಕಥೆಗೆ ಕೆಲವು ಕಹಿ ಸತ್ಯಗಳನ್ನೂ ಸೇರಿಸುತ್ತವೆ. 1870ರಲ್ಲಿ ಈ ಕುಟುಂಬ ಕಾನ್ಸಾಸ್‌ನಲ್ಲಿತ್ತು. ಅಲ್ಲಿನ ಗಣತಿಯಲ್ಲಿ ಅವರ ಹೆಸರಿದೆ, ಆದರೆ ಜಮೀನಿನ ಬೆಲೆಯ ಕಾಲಂ ಖಾಲಿ. ಆ ನೆಲ ಓಸೇಜ್ ಮೂಲನಿವಾಸಿಗಳದು, ವಲಸೆ ಬಂದವರಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಗಣತಿದಾರರೇ ಬರೆದಿಟ್ಟಿದ್ದಾರೆ. ಕಷ್ಟಸಹಿಷ್ಣು ತಾಯಿಯ ಕಥೆ ಹೇಳುವಾಗ, ಆಕೆ ಒಲೆ ಹೂಡಿದ ನೆಲ ಯಾರದೆಂಬುದನ್ನೂ ಹೇಳಬೇಕಾಗುತ್ತದೆ.

ನನ್ನ ಮನಸ್ಸನ್ನು ಬಹಳ ತಟ್ಟಿದ್ದು 1900ರ ಗಣತಿ. ಅದರಲ್ಲಿ ತಾಯಂದಿರಿಗೆಂದೇ ಒಂದು ಕಾಲಂ ಇತ್ತು: ಹೆತ್ತ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು? ವಂಶ ಹುಡುಕುವವರು ಮೊದಲ ಸಂಖ್ಯೆಯಿಂದ ಎರಡನೆಯದನ್ನು ಕಳೆಯುತ್ತಾರೆ. ಉಳಿದದ್ದು ಆ ತಾಯಿ ಮಣ್ಣು ಮಾಡಿದ ಮಕ್ಕಳ ಲೆಕ್ಕ. ಎರಡು ಗಣತಿಗಳ ನಡುವೆ ಹುಟ್ಟಿ ಸತ್ತ ಕೂಸು ಬೇರೆ ಯಾವ ಪಟ್ಟಿಗೂ ಸಿಗದೆ ಹೋಗಬಹುದು. ಕ್ಯಾರೊಲಿನ್ ಹೆತ್ತದ್ದು ಐವರನ್ನು. ನಾಲ್ವರು ಹೆಣ್ಣುಮಕ್ಕಳು ಉಳಿದರು. 1875ರಲ್ಲಿ ಹುಟ್ಟಿದ ಒಬ್ಬನೇ ಮಗ ಮರುವರ್ಷ, ಒಂಬತ್ತು ತಿಂಗಳಿನವನಿದ್ದಾಗ ತೀರಿಕೊಂಡ. ಮಗಳು ಲಾರಾ ಅವರ ಪ್ರಸಿದ್ಧ ಕಾದಂಬರಿಗಳಲ್ಲಿ ಆ ತಮ್ಮನ ಸುಳಿವೇ ಇಲ್ಲ.

ಸರ್ಕಾರ ಎಷ್ಟೋ ವರ್ಷ ಯಜಮಾನ ಯಾರು, ಆಸ್ತಿ ಎಷ್ಟು ಎಂದು ಕೇಳಿತು, ಆ ಉತ್ತರಗಳು ಉಳಿದವು. ತಾಯಿಯನ್ನು ಅವಳ ಬದುಕಿನ ಬಗ್ಗೆ ಕೇಳಿದಾಗ ಅವಳ ನೋವಿಗೂ ದಾಖಲೆಯಲ್ಲಿ ಜಾಗ ಸಿಕ್ಕಿತು. ನಮ್ಮ ಮನೆಗಳ ವಂಶವೃಕ್ಷದಲ್ಲೂ ಸೊಸೆಯ ತವರು ಕಾಣುವುದಿಲ್ಲ, ಮದುವೆಯಾದ ಮಗಳ ಕೊಂಬೆ ಮುಂದೆ ಬೆಳೆಯುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತು ಪಕ್ಕದಲ್ಲಿ ಕುಳಿತು ಕೇಳಿ: ನಿಮ್ಮ ತಾಯಿಯ ಹೆಸರೇನು, ಅವರ ತವರೂರು ಯಾವುದು, ಹುಟ್ಟಿ ಉಳಿಯದ ಮಕ್ಕಳಿಗೆ ಏನೆಂದು ಹೆಸರಿಟ್ಟಿದ್ದಿರಿ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ಇವತ್ತಿನ ತಾರೀಖು ಹಾಕಿ.