ಗುಡುಗುಮೋಡದೊಳಗೆ



ಇಂದು ಲೊರೆಟೊ ಮಾತೆಯ ಹಬ್ಬ. 1920ರಲ್ಲಿ ಜಗದ್ಗುರು 15ನೇ ಬೆನೆಡಿಕ್ಟರು ಈ ತಾಯಿಯನ್ನು ವಿಮಾನ ಚಾಲಕರ ಪಾಲಕಿಯೆಂದು ಸಾರಿದರು. ಚಾಲಕರು ಅಂಜುವುದು ಗುಡುಗುಮೋಡಕ್ಕೆ. ಆದರೂ 1946ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಮರುವರ್ಷ ಓಹಾಯೋದಲ್ಲಿ, ಹವಾಮಾನ ಸಂಶೋಧನೆಗಾಗಿ ಕೆಲವರು ಬೇಕೆಂದೇ ಅದರೊಳಗೆ ಹೊಕ್ಕರು. ಒಂದೇ ಮೋಡಕ್ಕೆ ಐದು ವಿಮಾನ, ಒಂದರ ಮೇಲೊಂದು, 5,000 ಅಡಿ ಅಂತರದಲ್ಲಿ! ಗಾಳಿ ಎತ್ತಿದರೆ ಏರಿ, ನೂಕಿದರೆ ಇಳಿಯಿರಿ, ಎತ್ತರ ಸರಿಪಡಿಸಬೇಡಿ ಎಂಬುದು ಅವರಿಗಿದ್ದ ಸೂಚನೆ. ಆ ಏರಿಳಿತದಿಂದಲೇ ಮೋಡದೊಳಗಿನ ಗಾಳಿಯನ್ನು ಅಳೆಯುತ್ತಿದ್ದರು. ನುರಿತ ಕೈಗಳಿಗೆ ಇದೆಷ್ಟು ಕಷ್ಟ! ಪರಂಪರೆಯ ಪ್ರಕಾರ ನಜರೇತಿನಿಂದ ಲೊರೆಟೊಗೆ ಬಂದ ಆ ಪುಟ್ಟ ಮನೆಯಲ್ಲಿ ಮಾತೆ ಮರಿಯ ದೇವದೂತನಿಗೆ ಒಪ್ಪಿಗೆಯಿತ್ತಾಗಲೂ ಮುಂದಿನ ದಾರಿ ಆಕೆಯ ಕೈಯಲ್ಲಿರಲಿಲ್ಲ. ಗಲ್ಫಿನಿಂದ ನಮ್ಮ ಮಕ್ಕಳನ್ನು ತರುವ ವಿಮಾನ ಇಂದು ಮೋಡವನ್ನು ಬಳಸಿ ಬರುವುದರ ಹಿಂದೆ ಆ ಚಾಲಕರು ತಂದ ಅರಿವೂ ಇದೆ. ಅವರಿಗಾಗಿ ಒಂದು ನಮೋ ಮರಿಯ ಹೇಳೋಣ.