ಮನೆತನದ ಕಥೆ ಬರೆದ ವಕೀಲರು



ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಳವರು ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಹಿರಿಯರ ವಂಶಾವಳಿಯನ್ನು ಒಪ್ಪಿಸಿ ಕಾಳು ಪಡೆದು ಹೋಗುವುದನ್ನು ನಾವೆಲ್ಲ ಬಲ್ಲೆವು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮ ಖೋಲಿಯ ಬಾಗಿಲಿಗೆ ಆ ಎತ್ತು ಬರುವುದಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮುತ್ತಜ್ಜನ ಹೆಸರು ಹೇಳುವವರಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಂದು ನಾವು ಅಮೆರಿಕದ ವಕೀಲರಾದ ಪಾಲಿ ಮರ್ರಿ ಅವರನ್ನು ನೆನೆಯುತ್ತೇವೆ.

ಅವರು 1910ರಲ್ಲಿ ಬಾಲ್ಟಿಮೋರ್ ನಗರದ ಒಂದು ಕಪ್ಪು ಕುಟುಂಬದಲ್ಲಿ ಹುಟ್ಟಿದರು. ಎಳೆತನದಲ್ಲೇ ತಾಯಿ ತೀರಿಹೋದರು. ಡರ್ಹಮ್ ಊರಿನಲ್ಲಿ ಶಿಕ್ಷಕಿಯಾಗಿದ್ದ ದೊಡ್ಡಮ್ಮ ಸಾಕಿದರು. ತಾಯಿಯ ತಂದೆ ಗುಲಾಮಗಿರಿಯನ್ನು ಅಳಿಸಿದ ಯುದ್ಧದಲ್ಲಿ ಕಾದಾಡಿ, ಬಳಿಕ ಬಿಡುಗಡೆಯಾದವರಿಗೆ ಅಕ್ಷರ ಕಲಿಸಿದವರು. ತಾಯಿಯ ತಾಯಿಯಾದರೋ ಗುಲಾಮಳಾಗಿಯೇ ಹುಟ್ಟಿದವರು. ಒಡೆಯನ ಮಗನೊಬ್ಬ ಅಸಹಾಯಕ ಹೆಣ್ಣಿನ ಮೇಲೆ ನಡೆಸಿದ ಬಲಾತ್ಕಾರದ ಫಲ.

ಮರ್ರಿಯವರಿಗೆ 1938ರಲ್ಲಿ ಒಂದು ವಿಶ್ವವಿದ್ಯಾಲಯ ಬಣ್ಣ ನೋಡಿ ಬಾಗಿಲು ಮುಚ್ಚಿತು. 1944ರಲ್ಲಿ ಹೊವರ್ಡ್‌ನಲ್ಲಿ ಕಾನೂನು ಓದಿ ತರಗತಿಗೇ ಮೊದಲಿಗರಾದರೂ, ಹೆಂಗಸೆಂದು ಹಾರ್ವರ್ಡ್ ಸೇರಿಸಿಕೊಳ್ಳಲಿಲ್ಲ. 1951ರಲ್ಲಿ ರಾಜ್ಯ ರಾಜ್ಯಗಳ ವರ್ಣಭೇದದ ಕಾಯಿದೆಗಳನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಗ್ರಂಥ ಮಾಡಿದರು; ಆ ಕಾಯಿದೆಗಳ ವಿರುದ್ಧ ವಾದಿಸಿದ ವಕೀಲರಿಗೆ ಅದೇ ಕೈದೀಪವಾಯಿತು.

1952ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಕೆಲಸ ಕೈತಪ್ಪಿತು. ಶಿಫಾರಸು ಕೊಟ್ಟವರೇ ಉಗ್ರವಾದಿಗಳು, ಈಕೆಯ ಹಿಂದಿನ ಸಂಬಂಧಗಳು ಸಂಶಯದವು ಎಂಬುದು ಆಕ್ಷೇಪ. ಹಿಂದಿನ ಸಂಬಂಧವೆಂದರೆ ಮನೆತನವೇ ಅಲ್ಲವೆ? ಅದನ್ನೇ ಬರೆದು ತೋರಿಸಲು ಅವರು ಕುಳಿತರು. ಅಜ್ಜಿ ಹೇಳಿದ ಕಥೆಗಳನ್ನು ವಕೀಲರು ಸಾಕ್ಷಿಯನ್ನು ಪರೀಕ್ಷಿಸುವಂತೆ ಪರೀಕ್ಷಿಸಿದರು: ಜನಗಣತಿಯ ಪಟ್ಟಿ, ಕಚೇರಿಯ ದಾಖಲೆ, ಅಜ್ಜನ ದಿನಚರಿ, ಎಲ್ಲವನ್ನೂ ತಾಳೆ ನೋಡಿದರು. ಹೆಮ್ಮೆಯದನ್ನು ಹೇಳಿದರು, ಅವಮಾನವನ್ನೂ ಬಚ್ಚಿಡಲಿಲ್ಲ. 1956ರಲ್ಲಿ ‘ಪ್ರೌಡ್ ಷೂಸ್’ ಎಂಬ ಆ ಗ್ರಂಥ ಹೊರಬಂತು.

1977ರಲ್ಲಿ ಅವರು ಪಾದ್ರಿಯ ದೀಕ್ಷೆ ಪಡೆದರು. ಅಜ್ಜಿಗೆ ಗುಲಾಮಳೆಂದೇ ದೀಕ್ಷಾಸ್ನಾನವಾಗಿದ್ದ ಚಾಪೆಲ್ ಹಿಲ್‌ನ ಇಗರ್ಜಿಯಲ್ಲಿ ಅದೇ ವರ್ಷ ಮೊಮ್ಮಗಳು ಪೂಜೆ ನಡೆಸಿದರು. 1985ರಲ್ಲಿ ಕಾಲವಾದರು.

ಬಂಧುಗಳೇ, ಗಿರಣಿಯ ಹಾಜರಿ ಪುಸ್ತಕದಲ್ಲಿ ನಮಗೆ ನಂಬರು ಉಂಟು, ಕಥೆ ಇಲ್ಲ. ಅರಸರಿಗೆ ಶಾಸನಗಳಿವೆ, ನಮ್ಮ ಹಿರಿಯರಿಗೆ ನಮ್ಮ ನೆನಪೊಂದೇ ಆಸರೆ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಬಳಿ ಒಂದು ತಾಸು ಕುಳಿತುಕೊಳ್ಳೋಣ. ಯಾವ ಬರಗಾಲಕ್ಕೆ ಹೊಲ ಮಾರಿದೆವು, ಮೊದಲು ಊರು ಬಿಟ್ಟವರಾರು, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರಾರು ಎಂದು ಕೇಳಿ, ಎರಡಾಣೆಯಷ್ಟೂ ಬೆಲೆಯಿಲ್ಲದ ಹಳೆಯ ನೋಟುಬುಕ್ಕಿನಲ್ಲಾದರೂ ಬರೆದಿಡೋಣ. ಬರೆಯಲು ಬಾರದವರು ಸಂಕೋಚಪಡಬೇಡಿ. ಹೇಳಿರಿ, ವಾಚನಾಲಯದ ಸ್ವಯಂಸೇವಕರಾದ ನಾವು ಬರೆದುಕೊಡುತ್ತೇವೆ.