ನಮ್ಮ ಬರಹ, ಅವರ ಗಣಕ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ವಚನಗಳನ್ನೋ ಕುಮಾರವ್ಯಾಸನನ್ನೋ ಕುರಿತು ಬಲ್ಲವರು ಮಾತನಾಡುವುದು ವಾಡಿಕೆ. ನಾವು ಪಂಡಿತರಲ್ಲ, ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಆದರೂ ಕಾರ್ಯದರ್ಶಿಗಳು ನಮ್ಮನ್ನು ಇಲ್ಲಿ ತಂದು ನಿಲ್ಲಿಸಿದ್ದಾರೆ. ಕಾರಣವಿಷ್ಟೆ: ಮೂರು ವರ್ಷಗಳಿಂದ ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನು ಗಣಕದಲ್ಲಿ ತೆರೆದು ಅಚ್ಚಿಗೆ ಅಣಿಮಾಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ‘ತೆರೆದು’ ಎಂದೆವಲ್ಲ, ತೊಂದರೆಯೆಲ್ಲ ಅಲ್ಲಿಯೇ ಇರುವುದು.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಸಂಘದ ಹಿರಿಯರೊಬ್ಬರು ಎಪ್ಪತ್ತು ದಾಟಿದ ಮೇಲೆ ಗಣಕವನ್ನು ಕಲಿತು, ತಮ್ಮ ಮದರಾಸಿನ ಬಾಳನ್ನು ಹದಿನಾಲ್ಕು ಅಧ್ಯಾಯಗಳಲ್ಲಿ ಬರೆದಿಟ್ಟಿದ್ದರು. 2015ರ ಡಿಸೆಂಬರಿನಲ್ಲಿ ಅಡಯಾರು ನದಿ ಉಕ್ಕಿ ಮನೆಗಳಿಗೆ ನುಗ್ಗಿದ ರಾತ್ರಿಯನ್ನು ತಾವಾರೂ ಮರೆತಿರಲಾರಿರಿ. ಅವರ ಕೈಬರಹದ ಪುಸ್ತಕಗಳೂ ಅಚ್ಚು ತೆಗೆಸಿದ ಹಾಳೆಗಳೂ ಆ ನೀರಿನಲ್ಲಿ ಹಿಟ್ಟಿನಂತೆ ಕಲಸಿಹೋದವು. “ಹೋದರೆ ಹೋಗಲಿ, ಸಿ.ಡಿ.ಯಲ್ಲಿದೆ” ಎಂದು ಅವರೇ ನಮ್ಮನ್ನು ಸಮಾಧಾನಪಡಿಸಿದರು. ಈಗ ಅವರಿಲ್ಲ. ಹೋದ ವರ್ಷ ಅವರ ಮಗಳು ಆ ಸಿ.ಡಿ.ಯನ್ನು ಬಹು ಪ್ರಯಾಸದಿಂದ ಒಮ್ಮೆ ಓದಿಸಿ, ಒಳಗಿದ್ದುದನ್ನು ಪೆನ್ ಡ್ರೈವಿಗೆ ಇಳಿಸಿ ನಮ್ಮ ಕೈಗೆ ಕೊಟ್ಟರು. ಸಿ.ಡಿ. ಮತ್ತೆ ಓದಿಸಿಕೊಳ್ಳಲಿಲ್ಲ.

ಮನೆಗೆ ಬಂದು ಮೊದಲ ಅಧ್ಯಾಯವನ್ನು ತೆರೆದೆವು. ಕನ್ನಡದ ಒಂದಕ್ಷರವೂ ಇಲ್ಲ! ‘ಕನ್ನಡ’ ಎಂದು ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಒಂದು ಎ, ಆಮೇಲೆ ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನರದೊಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಮತ್ತೊಮ್ಮೆ ಆ ಎ. ಬ್ಯಾಂಕಿನವರಾದ ನಮಗೆ ಪರಿಚಿತವಾಗಿ ಕಂಡದ್ದು ಆ ಪೌಂಡು ಒಂದೇ. ಕಡತ ಕೆಟ್ಟಿದೆಯೆಂದು ತಿಳಿದು, ಬರಿಯ ಪಠ್ಯವನ್ನಷ್ಟೇ ಉಳಿಸಿಕೊಂಡರೆ ಸರಿಹೋದೀತೆಂದು ಹಾಗೆ ಉಳಿಸಹೊರಟೆವು. ಯಾವ ಸಂಕೇತದಲ್ಲಿ ಉಳಿಸಬೇಕೆಂದು ಯಂತ್ರ ಕೇಳಿತು. ಕೆಲವು ಗುರುತುಗಳು ಉಳಿಯಲಾರವೆಂದು ಕೆಂಪಕ್ಷರದಲ್ಲಿ ಎಚ್ಚರವನ್ನೂ ಕೊಟ್ಟಿತು. ನಾವು ತೋಚಿದ್ದನ್ನು ಒತ್ತಿದೆವು. ಮೂಲವನ್ನು ಕಸವೆಂದು ಅಳಿಸಿಬಿಟ್ಟೆವು. ಹಾಗೆ ‘ಕನ್ನಡ’ ಎಂಬುದರ ಏಳು ಗುರುತುಗಳಲ್ಲಿ ಉಳಿದವು ಪಿ ಮತ್ತು ಕ್ಯೂ ಎರಡೇ; ಮಿಕ್ಕ ಐದೂ ಪ್ರಶ್ನೆಚಿಹ್ನೆಗಳಾದವು. ಅಧ್ಯಾಯದ ತುಂಬ ಹೀಗೆಯೇ.

ಕಡತ ನಿಜವಾಗಿ ಕೆಟ್ಟಿರಲೇ ಇಲ್ಲವೆಂಬುದು ಆಮೇಲೆ ತಿಳಿಯಿತು. ಅದೇನೆಂದು ಸ್ವಲ್ಪ ವಿವರಿಸುತ್ತೇವೆ.

ಹಳೆಯ ಅಚ್ಚುಕೂಟವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮೊಳೆ ಜೋಡಿಸುವವರ ಮುಂದೆ ಗೂಡುಗೂಡಾದ ಪೆಟ್ಟಿಗೆ ಇರುತ್ತಿತ್ತು. ಅಕ್ಷರದ ಮೈ ಒಂದು ಗೂಡಿನಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಮೊದಮೊದಲು ಗಣಕಕ್ಕೆ ಕನ್ನಡವನ್ನು ತಂದ ತಂತ್ರಾಂಶಗಳು ಮಾಡಿದ್ದೂ ಅದನ್ನೇ. ಯಂತ್ರದಲ್ಲಿದ್ದುದು 256 ಗೂಡು. ಅವೆಲ್ಲ ಇಂಗ್ಲಿಷಿಗೂ ಯೂರೋಪಿನ ಭಾಷೆಗಳಿಗೂ ಗೊತ್ತಾದವು. ಆ ಗೂಡುಗಳಲ್ಲಿಯೇ ಕನ್ನಡದ ತುಂಡುಗಳನ್ನು ತುಂಬಿ, ಅದಕ್ಕೊಂದು ಅಕ್ಷರಶೈಲಿಯ ಹೆಸರನ್ನಿಟ್ಟರು. ಕ ಅಕ್ಷರದ ಮೈ ಪಿ ಗೂಡಿನಲ್ಲಿ, ಅದರ ತಲೆಕಟ್ಟು ಗೀಟಿನ ಎ ಗೂಡಿನಲ್ಲಿ. ಆ ಶೈಲಿ ಇರುವ ಗಣಕದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಗಣಕ ಗೂಡಿನ ಹೊರಗೆ ಅಂಟಿಸಿದ ಚೀಟಿಯನ್ನೇ ಓದಿಹೇಳುತ್ತದೆ. ಅದರ ತಪ್ಪೇನು?

ಇದನ್ನು ಹಗುರವಾಗಿ ಆಡಬಾರದು. ಕಿನ್ನಿಕಂಬಳದ ಶ್ರೀ ಕೆ. ಪಿ. ರಾವ್ ಅವರು ನಾಲಿಗೆಯಲ್ಲಿ ನುಡಿದಂತೆಯೇ ಬೆರಳಲ್ಲಿ ಒತ್ತುವ ಕೀಲಿಮಣೆಯನ್ನು ರೂಪಿಸಿಕೊಟ್ಟರು. ಶ್ರೀ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದು ದೂರದೂರದ ಕನ್ನಡಿಗರ ಮನೆ ಸೇರಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕರ್ನಾಟಕದ ಸರಕಾರಿ ಕಚೇರಿಗಳಲ್ಲಿ ಕನ್ನಡದ ಕೆಲಸವನ್ನು ಸಾಗಿಸಿತು. ಇವೆಲ್ಲ ಇಲ್ಲದಿದ್ದರೆ ನಮ್ಮ ಹಿರಿಯರು ಎಪ್ಪತ್ತರ ವಯಸ್ಸಿನಲ್ಲಿ ಹದಿನಾಲ್ಕು ಅಧ್ಯಾಯಗಳನ್ನು ಬರೆಯುತ್ತಿರಲಿಲ್ಲ. ಆದರೆ ಆ ಕಾಲದಲ್ಲಿ ಒಂದೊಂದು ವ್ಯಾಪಾರಿ ಸಂಸ್ಥೆಯೂ ತನ್ನದೇ ಗೂಡಿನ ಲೆಕ್ಕವನ್ನು ಇಟ್ಟುಕೊಂಡಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯದು. ಪ್ರತಿ ಬ್ಯಾಂಕೂ ತನ್ನ ಚೆಕ್ಕನ್ನು ತಾನೊಂದೇ ಓದಬಲ್ಲ ಲಿಪಿಯಲ್ಲಿ ಅಚ್ಚುಹಾಕಿಸಿದ್ದರೆ ಕ್ಲಿಯರಿಂಗಿನ ಗತಿ ಏನಾಗುತ್ತಿತ್ತು? 2011ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಚೆಕ್ಕಿನ ಕಾಗದದ ಬದಲು ಚೆಕ್ಕಿನ ಚಿತ್ರ ಓಡಾಡತೊಡಗಿತು. ಎಲ್ಲ ಬ್ಯಾಂಕಿನ ಚೆಕ್ಕಿಗೂ ಒಂದೇ ಮಾದರಿ ಎಂದು ಗೊತ್ತುಮಾಡಿದ್ದರಿಂದ ಆ ಏರ್ಪಾಡು ಸಲೀಸಾಯಿತು.

ಅಕ್ಷರಗಳಿಗೆ ಅಂಥ ಮಾದರಿಯೇ ಯೂನಿಕೋಡ್. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿದ್ದರು. ಇಲ್ಲಿ ಸಂಖ್ಯೆ ಅಕ್ಷರದ ತುಂಡಿಗಲ್ಲ, ಅಕ್ಷರಕ್ಕೆ. ಕ ಎಂಬುದರ ಖಾತೆಯ ನಂಬರು 3221. ಚೆನ್ನೈಯಲ್ಲಾದರೂ ಅಷ್ಟೆ, ಅಮೆರಿಕದಲ್ಲಾದರೂ ಅಷ್ಟೆ. ನಮ್ಮ ಅಕ್ಕಪಕ್ಕದ ಮನೆಯ ತಮಿಳಿನ ಕ 2965. ಕಳೆದು ನೋಡಿ: ಸರಿಯಾಗಿ 256. ನ ಅಕ್ಷರವನ್ನು ಹೀಗೆಯೇ ಕಳೆದರೂ 256 ಬರುತ್ತದೆ. ಭಾರತದ ಹಲವು ಲಿಪಿಗಳನ್ನು ಒಂದೇ ವರ್ಣಮಾಲೆಯ ಕ್ರಮದಲ್ಲಿ ಕೂರಿಸಿದ್ದರ ಫಲವಿದು. ಲೆಕ್ಕದವರಾದ ನಮಗೆ ಇದನ್ನು ಕಂಡ ದಿನ ಬಹಳ ಹಿಗ್ಗಾಯಿತು.

ತಮಿಳು ಮಿತ್ರರೇನೂ ಸುಖವಾಗಿರಲಿಲ್ಲ. ಅವರಲ್ಲಿಯೂ ಹತ್ತಾರು ಸಂಕೇತಗಳು ಜಗಳವಾಡುತ್ತಿದ್ದುವು. 1999ರಲ್ಲಿ ಇದೇ ಊರಿನಲ್ಲಿ ‘ತಮಿಳ್‌ನೆಟ್ 99’ ಎಂಬ ಸಮ್ಮೇಳನ ನಡೆಸಿ ಕೀಲಿಮಣೆಯನ್ನೂ ಸಂಕೇತವನ್ನೂ ನಿಶ್ಚಯಿಸಿದರು. 2010ರಲ್ಲಿ ತಮಿಳುನಾಡು ಸರಕಾರ ಯೂನಿಕೋಡನ್ನು ಅಂಗೀಕರಿಸಿತು.

ಇನ್ನು ನಮ್ಮ ಹಿರಿಯರ ಕಡತಗಳು. ಉಳಿದ ಹದಿಮೂರು ಅಧ್ಯಾಯಗಳನ್ನು ನಾವು ಮುಟ್ಟುವ ಮೊದಲು ಮೂರು ಕಡೆ ಪ್ರತಿ ಮಾಡಿಟ್ಟೆವು, ಬುದ್ಧಿ ಬಂದಿತ್ತು. ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣಗಳು ‘ಬರಹ’ದಲ್ಲಿಯೂ ಉಂಟು, ‘ನುಡಿ’ಯಲ್ಲಿಯೂ ಉಂಟು. ಒಂದು ಭಾನುವಾರದಲ್ಲಿ ಹದಿಮೂರೂ ಕನ್ನಡವಾದವು. ಆದರೆ ತಿದ್ದುವುದಕ್ಕೆ ಎರಡು ತಿಂಗಳು ಹಿಡಿಯಿತು. ಕಾರಣ ಅರ್ಕಾವೊತ್ತು. ‘ಧರ್ಮ’ದಲ್ಲಿ ಹಳೆಯ ವಿಧಾನ ಮ ಬರೆದು ಆಮೇಲೆ ಅರ್ಕಾವೊತ್ತನ್ನು ಇಡುತ್ತದೆ, ಯೂನಿಕೋಡು ನಾವು ಉಚ್ಚರಿಸುವಂತೆ ರಕಾರವನ್ನು ಮೊದಲು ಇಡುತ್ತದೆ. ತಿರುಗಿಸುವಾಗ ಅಲ್ಲಲ್ಲಿ ಅದು ಜಾಗ ತಪ್ಪಿತು. ಅವರು ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಹೋಟೆಲುಗಳ, ಬೀದಿಗಳ ಹೆಸರುಗಳೂ ಕೆಲವೆಡೆ ಕನ್ನಡವೆಂದೇ ಎಣಿಸಲ್ಪಟ್ಟು ಅರ್ಥವಿಲ್ಲದ ಶಬ್ದಗಳಾದವು. ರಾಜ್‌ಕುಮಾರ್ ಎಂಬ ಹೆಸರಂತೂ ಪ್ರತಿ ಬಾರಿಯೂ ಜಕಾರದ ಕೆಳಗೆ ಕಕಾರದ ಒತ್ತನ್ನು ಹೊತ್ತು ಬಂತು. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಇಟ್ಟರೆ ಮಾತ್ರ ಅವು ಬಿಡಿಯಾಗಿ ನಿಲ್ಲುತ್ತವೆ. ಕೋಡಂಬಾಕ್ಕದ ಅಧ್ಯಾಯದಲ್ಲಿ ಆ ಹೆಸರು ಎಷ್ಟು ಸಲ ಬಂದಿದೆಯೆಂಬುದನ್ನು ತಾವೇ ಊಹಿಸಬಹುದು!

ಈ ಸಂಚಿಕೆಗೆ ಬರೆಯತಕ್ಕವರಲ್ಲಿ ಒಂದು ಅರಿಕೆ. ದಯವಿಟ್ಟು ಯೂನಿಕೋಡಿನಲ್ಲಿ ಬರೆಯಿರಿ. 2001ರ ವಿಂಡೋಸ್ ಎಕ್ಸ್‌ಪಿಯೊಡನೆಯೇ ‘ತುಂಗಾ’ ಎಂಬ ಯೂನಿಕೋಡ್ ಅಕ್ಷರಶೈಲಿ ಬಂದಿತ್ತು. ಈಗ ಜೇಬಿನ ಫೋನಿನಲ್ಲಿಯೂ ಆ ಸೌಕರ್ಯವಿದೆ. ವರ್ಡಿನ ಕಡತವಾದರೂ ಸರಿಯೆ, ಖರ್ಚಿಲ್ಲದ ಲಿಬ್ರೆ ಆಫೀಸಿನದಾದರೂ ಸರಿಯೆ, ಒಂದನ್ನೊಂದು ತೆರೆಯಬಲ್ಲವು. ಅಕ್ಷರಶೈಲಿ ಬದಲಾದಾಗ ಸಾಲುಗಳು ಹಿಂದುಮುಂದಾಗುವುದುಂಟು. ಆದಕಾರಣ ಕವಿತೆ ಬರೆಯುವವರು ಜೊತೆಗೆ ಒಂದು ಪಿ.ಡಿ.ಎಫ್. ಪ್ರತಿಯನ್ನೂ ಕಳುಹಿಸಿದರೆ ಪಂಕ್ತಿ ಎಲ್ಲಿ ಒಡೆಯಬೇಕೆಂದು ನಮಗೆ ತಿಳಿಯುತ್ತದೆ. ಪಿ.ಡಿ.ಎಫ್. ಒಂದನ್ನೇ ಕಳುಹಿಸಬೇಡಿ, ಅದರಿಂದ ಕನ್ನಡವನ್ನು ಎತ್ತಿಕೊಳ್ಳಹೋದರೆ ಅನೇಕ ವೇಳೆ ಒತ್ತುಗಳು ಚೆದುರಿಹೋಗುತ್ತವೆ. ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವವರೂ ನಮ್ಮಲ್ಲಿದ್ದಾರೆ. ಅವರ ಲೇಖನವನ್ನು ಮೊದಲಿಂದ ಕೊನೆಯವರೆಗೆ ನಮ್ಮ ಮನೆಯವರು ಕೂತು ಬೆರಳಚ್ಚು ಮಾಡುತ್ತಾರೆ ಎಂಬುದನ್ನು ಅವರ ಗಮನಕ್ಕೆ ತರುತ್ತೇವೆ.

ಮೊದಲ ಅಧ್ಯಾಯದ ಮಾತು ಉಳಿಯಿತು. ಹಿರಿಯರು ಹುಡುಗರಾಗಿ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದ ದಿನದ ಕಥೆ ಅದು. ನಡೆದದ್ದನ್ನು ಅವರ ಮಗಳಿಗೆ ಹೇಳಲು ನಮಗೆ ಹದಿನೈದು ದಿನ ಧೈರ್ಯ ಬರಲಿಲ್ಲ. ಹೇಳಿದ ಮೇಲೆ ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ಪ್ರಶ್ನೆಚಿಹ್ನೆಗಳನ್ನೇ ಅಚ್ಚು ತೆಗೆದು ಕೊಡಿ, ನೋಡೋಣ” ಎಂದರು. ಈಗ ಪ್ರತಿ ಶನಿವಾರ ಸಂಜೆ ಅವರು ಮನೆಗೆ ಬರುತ್ತಾರೆ. ಉಳಿದ ಗುರುತುಗಳು ಯಾವ ಅಕ್ಷರದ ಮೈಯೆಂದು ನಾವು ಹೇಳುತ್ತೇವೆ. ಅಪ್ಪ ಊಟದ ಹೊತ್ತಿನಲ್ಲಿ ಹೇಳುತ್ತಿದ್ದ ಕಥೆಯನ್ನು ನೆನೆದು ಅವರು ವಾಕ್ಯವನ್ನು ತುಂಬುತ್ತಾರೆ. ಒಂದು ಸಂಜೆಗೆ ಹತ್ತು ಹನ್ನೆರಡು ಸಾಲು ಆಗುತ್ತದೆ. ಹನ್ನೊಂದು ಪುಟಗಳಲ್ಲಿ ನಾಲ್ಕು ಮುಗಿದಿವೆ. ಎರಡನೆಯ, ಮೂರನೆಯ ಅಧ್ಯಾಯಗಳು ಇದೇ ಸಂಚಿಕೆಯಲ್ಲಿ ಅಚ್ಚಾಗುತ್ತಿವೆ. ಮೊದಲನೆಯದು ಮುಂದಿನ ವರ್ಷಕ್ಕೆ.

ತಮ್ಮ ಮನೆಯ ಅಟ್ಟದಲ್ಲಿಯೂ ಇಂಥ ಹಳೆಯ ಸಿ.ಡಿ.ಗಳೋ ಕಡತಗಳೋ ಇದ್ದರೆ, ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ನಾವು ಸಂಘದ ವಾಚನಾಲಯದಲ್ಲಿ ಇರುತ್ತೇವೆ. ಮೂಲವನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುತ್ತೇವೆ.